ಒಂದು ಎಳೆತಕ್ಕೆ ಎರಡು ಗುಂಡು: ಅರೆ ಸ್ವಯಂಚಾಲಿತ ರೈಫಲ್ ತಾನಾಗಿ ಹಾರಿದಾಗ

ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು ಹಾರಬೇಕು. ಇನ್ನೊಂದು ಹಾರಬೇಕಾದರೆ ಬೆರಳು ಸಡಿಲಿಸಿ ಮತ್ತೆ ಎಳೆಯಬೇಕು. ಖಾಲಿ ತೋಟಾವನ್ನು ಹೊರಗೆಸೆದು ಹೊಸ ತೋಟಾವನ್ನು ಒಳಗೆ ತುಂಬುವ ಕೆಲಸವನ್ನು ಮಾತ್ರ ರೈಫಲ್ ತಾನೇ ಮಾಡಿಕೊಳ್ಳುತ್ತದೆ. ಗುಂಡು ಹಾರಿಸುವ ತೀರ್ಮಾನ ಪ್ರತಿ ಸಲವೂ ಮನುಷ್ಯನದು. ಅರೆ ಸ್ವಯಂಚಾಲಿತ ಎಂದರೆ ಇಷ್ಟೇ. ಈ ಕಟ್ಟು ತಪ್ಪಿ, ಒಂದು ಎಳೆತಕ್ಕೆ ಎರಡು ಗುಂಡು ಹಾರಿದರೆ ಅಥವಾ ಬೆರಳು ಟ್ರಿಗರ್ ಮುಟ್ಟುವ ಮುನ್ನವೇ ಢಮಾರ್ ಎಂದರೆ, ಆ ರೈಫಲ್ ಕೈಯಲ್ಲಿ ಹಿಡಿಯಲು ಯೋಗ್ಯವಾಗಿ ಉಳಿದಿಲ್ಲ ಎಂದೇ ಅರ್ಥ.

ಈ ವಿಷಯ ಮುಖ್ಯವಾಗಿ ಅಮೆರಿಕದ್ದು. ಸೋವಿಯತ್ ಒಕ್ಕೂಟ, ಚೀನಾ, ಯುಗೋಸ್ಲಾವಿಯಾಗಳ ಸೈನ್ಯದ ಉಗ್ರಾಣಗಳಲ್ಲಿ ದಶಕಗಟ್ಟಲೆ ಮಲಗಿದ್ದ ಹಳೆಯ ರೈಫಲ್‌ಗಳು ಅಲ್ಲಿನ ಅಂಗಡಿಗಳಿಗೆ ಅಗ್ಗವಾಗಿ ಬಂದು ಬಿದ್ದವು. ಅವುಗಳಲ್ಲಿ ಎದ್ದು ಕಾಣುವ ಹೆಸರು ಎಸ್‌ಕೆಎಸ್. ಸೆರ್ಗೇಯ್ ಸಿಮೊನೊವ್ ಎಂಬ ಸೋವಿಯತ್ ವಿನ್ಯಾಸಕ ರೂಪಿಸಿದ, 7.62×39 ಮಿ.ಮೀ. ತೋಟಾ ಬಳಸುವ, ಹತ್ತು ತೋಟಾಗಳ ಮ್ಯಾಗಝಿನ್ ಹೊಟ್ಟೆಯಡಿಗೇ ಅಂಟಿಕೊಂಡಿರುವ ಗಟ್ಟಿಮುಟ್ಟಾದ ರೈಫಲ್ ಅದು. 1994ರಲ್ಲಿ ಅಮೆರಿಕ ಸರ್ಕಾರ ಚೀನಾದ ಬಂದೂಕುಗಳ ಆಮದನ್ನು ನಿಲ್ಲಿಸುವ ಹೊತ್ತಿಗೆ ಚೀನೀ ಎಸ್‌ಕೆಎಸ್‌ಗಳು ಅಲ್ಲಿನ ಲೆಕ್ಕವಿಲ್ಲದಷ್ಟು ಮನೆಗಳನ್ನು ಸೇರಿಯಾಗಿತ್ತು. ತಾನಾಗಿ ಗುಂಡು ಹಾರುವ ದೂರು ಈ ರೈಫಲ್‌ನೊಂದಿಗೆ ಎಷ್ಟು ತಳಕು ಹಾಕಿಕೊಂಡಿದೆ ಎಂದರೆ, ವಿಷಯ ತಿಳಿಯಬೇಕಾದವರು ಇದನ್ನೇ ಎದುರಿಗಿಟ್ಟುಕೊಂಡು ನೋಡುವುದು ಒಳ್ಳೆಯದು.

ಮೊದಲೇ ಒಂದು ಮಾತನ್ನು ಒತ್ತಿ ಹೇಳಬೇಕು. "ರೈಫಲ್ ಎರಡು ಹೊಡೆಯುತ್ತಿದೆ" ಎಂಬುದು ಒಂದೇ ರೋಗದ ಹೆಸರಲ್ಲ. ಹೊರಗಿನಿಂದ ಒಂದೇ ರೀತಿ ಕಾಣುವ, ಒಳಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕು ದೋಷಗಳು ಇದರ ಹಿಂದಿರಬಹುದು. ಒಂದಕ್ಕೆ ಮಾಡುವ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ. ಟ್ರಿಗರ್ ಕೆಟ್ಟಿದೆ ಎಂದುಕೊಂಡು ಹೊಸ ಟ್ರಿಗರ್ ಕೂರಿಸಿ, ನಿಜವಾದ ದೋಷ ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟ್‌ನೊಳಗೇ ಉಳಿದುಬಿಟ್ಟರೆ, ಮುಂದಿನ ಸಲ ರೈಫಲ್ ಕೈಗೆತ್ತಿಕೊಳ್ಳುವವರು ಸುಳ್ಳು ಧೈರ್ಯದಲ್ಲಿರುತ್ತಾರೆ. ಅದು ಮೊದಲಿಗಿಂತ ಹೆಚ್ಚು ಅಪಾಯ.

ಆ ಕ್ಷಣದಲ್ಲಿ ಏನು ಮಾಡಬೇಕು

ರೈಫಲ್ ತಾನಾಗಿ ಹಾರತೊಡಗಿದಾಗ ಮನುಷ್ಯನ ಸಹಜ ಪ್ರವೃತ್ತಿ ಬೆಚ್ಚಿಬಿದ್ದು ಪಕ್ಕಕ್ಕೆ ತಿರುಗುವುದು. ಜೀವ ಹೋಗುವುದು ಅಲ್ಲೇ. ಏನೇ ಆಗಲಿ, ನಳಿಗೆಯ ಬಾಯಿ ಗುರಿಯ ಹಿಂದಿನ ಮಣ್ಣಿನ ದಿಬ್ಬದತ್ತಲೇ ಇರಬೇಕು. ಗಟ್ಟಿಯಾಗಿ ಹಿಡಿದು, ಬೆರಳನ್ನು ಟ್ರಿಗರ್‌ನಿಂದ ಹೊರಗೆ ತೆಗೆದು, ಅದು ನಿಲ್ಲುವವರೆಗೆ ಹಾಗೇ ಇರಬೇಕು. ಹತ್ತು ತೋಟಾಗಳ ರೈಫಲ್ ಖಾಲಿಯಾಗಲು ಒಂದೆರಡು ಕ್ಷಣ ಸಾಕು.

ಸೇಫ್ಟಿಯನ್ನು ನಂಬಿಕೊಂಡವರಿಗೂ ಒಂದು ಮಾತು ತಿಳಿದಿರಬೇಕು. ಎಸ್‌ಕೆಎಸ್‌ನ ಸೇಫ್ಟಿ ಟ್ರಿಗರ್ ಅಲುಗದಂತೆ ತಡೆಯುತ್ತದೆ, ಅಷ್ಟೇ. ಬೋಲ್ಟ್‌ನೊಳಗಿದ್ದು ತೋಟಾಕ್ಕೆ ಬಡಿಯುವ ಮೊಳೆಯಂಥ ಫೈರಿಂಗ್ ಪಿನ್‌ಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ದೋಷ ಪಿನ್‌ನಲ್ಲಿದ್ದರೆ ಸೇಫ್ಟಿ ಹಾಕಿದ ರೈಫಲ್ ಕೂಡ ಹಾರುತ್ತದೆ.

ಒಂದೆರಡು ಗುಂಡು ಹಾರಿ ತಾನಾಗಿ ನಿಂತಿತು ಎಂದಿಟ್ಟುಕೊಳ್ಳಿ. ಮ್ಯಾಗಝಿನ್‌ನಲ್ಲಿ ಇನ್ನೂ ತೋಟಾಗಳಿವೆ. ಬೋಲ್ಟನ್ನು ಹಿಂದೆ ಮುಂದೆ ಎಳೆದಾಡಿ ಒಂದೊಂದಾಗಿ ಹೊರಹಾಕುವ ಅಭ್ಯಾಸ ಅನೇಕರಿಗಿದೆ. ಇಲ್ಲಿ ಅದನ್ನು ಮಾಡಲೇಬಾರದು. ಪ್ರತಿ ಸಲ ಬೋಲ್ಟ್ ಮುಂದೆ ಹೋಗಿ ಬಡಿದಾಗಲೂ ಹೊಸ ತೋಟಾ ಚೇಂಬರ್‌ಗೆ, ಅಂದರೆ ಹಾರುವ ಮುನ್ನ ಅದು ಕೂರುವ ನಳಿಗೆಯ ಹಿಂತುದಿಗೆ, ಹೋಗುತ್ತದೆ, ಹಾರುವ ಅವಕಾಶವೂ ಅದರೊಂದಿಗೆ ಹೋಗುತ್ತದೆ. ಎಸ್‌ಕೆಎಸ್‌ನ ಮ್ಯಾಗಝಿನ್‌ಗೆ ಅಡಿಯಲ್ಲಿ ತೆರೆಯುವ ಮುಚ್ಚಳವಿದೆ. ಅದರ ಚಿಲಕ ಬಿಟ್ಟರೆ ತೋಟಾಗಳೆಲ್ಲ ಕೆಳಗಿನಿಂದ ಕೈಗೆ ಬೀಳುತ್ತವೆ. ಬಿಚ್ಚಿ ತೆಗೆಯುವಂಥ ಮ್ಯಾಗಝಿನ್ ಇದ್ದರೆ ಅದನ್ನೇ ತೆಗೆಯಬೇಕು. ಆಮೇಲಷ್ಟೇ ಬೋಲ್ಟ್ ಹಿಂದಕ್ಕೆಳೆದು ಚೇಂಬರನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಾಲಿ ಎಂದು ಖಚಿತಪಡಿಸಿಕೊಳ್ಳಬೇಕು.

ಅಂದಿನ ಅಭ್ಯಾಸ ಅಲ್ಲಿಗೆ ಮುಗಿಯಿತು. "ಇನ್ನೊಮ್ಮೆ ಆಗುತ್ತದೆಯೇ ನೋಡೋಣ" ಎಂದು ಮತ್ತೆ ತೋಟಾ ತುಂಬುವವರಿದ್ದಾರೆ. ದಯವಿಟ್ಟು ಬೇಡ. ಒಮ್ಮೆ ಆದದ್ದೇ ಸಾಕಷ್ಟು ಸಾಕ್ಷಿ. ಅದರ ಬದಲು ನೆಲಕ್ಕೆ ಬಿದ್ದ, ಹಾರಿದ ತೋಟಾಗಳ ಖಾಲಿ ಕೋಶಗಳನ್ನು ಆರಿಸಿ ಒಂದು ಚೀಲದಲ್ಲಿ ಹಾಕಿಟ್ಟುಕೊಳ್ಳಿ. ಬಂದೂಕು ರಿಪೇರಿಯವರಿಗೆ ನಿಮ್ಮ ಮಾತಿಗಿಂತ ಆ ಹಿತ್ತಾಳೆ, ಉಕ್ಕಿನ ಚೂರುಗಳು ಹೆಚ್ಚು ಹೇಳುತ್ತವೆ.

ಒಳಗೆ ನಡೆಯುವುದೇನು

ತೋಟಾದ ಹಿಂಬದಿಯಲ್ಲಿ ನಡುಮಧ್ಯೆ ಒಂದು ಪುಟ್ಟ ಬಟ್ಟಲಿನಂಥ ಲೋಹದ ಮುಚ್ಚಳ ಕೂತಿರುತ್ತದೆ. ಮಲೆನಾಡಿನ ಹಳೆಯ ಬೇಟೆಗಾರರಿಗೆ ಕೇಪು ಎಂದರೆ ಗೊತ್ತು; ಕೆಲಸದಲ್ಲಿ ಇದೂ ಅದೇ ಕುಲದ್ದು. ಅದರೊಳಗೆ ಪೆಟ್ಟು ಬಿದ್ದರೆ ಕಿಡಿಯಾಗುವ ರಾಸಾಯನಿಕವಿರುತ್ತದೆ. ಫೈರಿಂಗ್ ಪಿನ್ ಹೊರಗಿನಿಂದ ಬಡಿದಾಗ ಲೋಹ ಒಳಕ್ಕೆ ಕುಸಿದು, ರಾಸಾಯನಿಕ ಒಳಗಿನ ಗಟ್ಟಿ ತುಣುಕಿಗೆ ಒತ್ತಿ ಕಿಡಿ ಹಾರುತ್ತದೆ, ಮದ್ದು ಹೊತ್ತಿಕೊಳ್ಳುತ್ತದೆ.

ಪಿನ್‌ಗೆ ಆ ಪೆಟ್ಟು ಕೊಡುವುದು ಹ್ಯಾಮರ್. ಹ್ಯಾಮರನ್ನು ಹಿಂದಕ್ಕೆ ಹಿಡಿದಿಡುವ ಕೊಕ್ಕೆ ಸಿಯರ್. ಟ್ರಿಗರ್ ಎಳೆದಾಗ ಸಿಯರ್ ಜಾರಿ ಹ್ಯಾಮರ್ ಬಿಡುಗಡೆಯಾಗುತ್ತದೆ. ಗುಂಡು ಹಾರಿದ ಮೇಲೆ ನಳಿಗೆಯಿಂದ ಸ್ವಲ್ಪ ಅನಿಲ ಪಿಸ್ಟನ್‌ಗೆ ಬಡಿದು ಬೋಲ್ಟನ್ನು ಹಿಂದಕ್ಕೆ ದೂಡುತ್ತದೆ. ಹಿಂದಕ್ಕೆ ಬರುವ ಬೋಲ್ಟ್ ಹ್ಯಾಮರನ್ನು ಮತ್ತೆ ಬಗ್ಗಿಸುತ್ತದೆ. ಇಷ್ಟು ನಡೆಯುವಾಗ ಬೆರಳು ಇನ್ನೂ ಟ್ರಿಗರ್ ಒತ್ತಿಕೊಂಡೇ ಇರುತ್ತದೆ, ಏಕೆಂದರೆ ಮನುಷ್ಯನ ಬೆರಳಿಗಿಂತ ಯಂತ್ರ ಎಷ್ಟೋ ಪಾಲು ಚುರುಕು. ಆಗ ಹ್ಯಾಮರನ್ನು ತಡೆದು ನಿಲ್ಲಿಸುವ ಕೆಲಸ ಡಿಸ್‌ಕನೆಕ್ಟರ್ ಎಂಬ ಭಾಗದ್ದು. ಬೆರಳು ಸಡಿಲವಾಗುವವರೆಗೆ ಟ್ರಿಗರ್‌ಗೂ ಹ್ಯಾಮರ್‌ಗೂ ನಡುವಿನ ಸಂಪರ್ಕವನ್ನು ಅದು ಕಡಿದಿಡುತ್ತದೆ. ಅರೆ ಸ್ವಯಂಚಾಲಿತ ರೈಫಲ್‌ಗೆ "ಅರೆ" ಎಂಬ ಹೆಸರು ಉಳಿದಿರುವುದು ಈ ಸಣ್ಣ ಲೋಹದ ತುಂಡಿನ ದೆಸೆಯಿಂದ.

ಅಂದರೆ ಕೇಪಿಗೆ ಅಕಾಲದಲ್ಲಿ ಪೆಟ್ಟು ಬೀಳಲು ಎರಡು ದಾರಿಗಳಿವೆ: ಹ್ಯಾಮರ್ ಬಿದ್ದು ಬಡಿಯುವುದು, ಅಥವಾ ಹ್ಯಾಮರ್ ಮುಟ್ಟದೆಯೇ ಪಿನ್ ತಾನಾಗಿ ಬಡಿಯುವುದು. ಎಲ್ಲ ಶೋಧನೆಯೂ ಈ ಕವಲಿನಿಂದಲೇ ಶುರುವಾಗಬೇಕು.

ಹ್ಯಾಮರ್ ಇಲ್ಲದೆ ಹಾರುವುದು

ಎಸ್‌ಕೆಎಸ್‌ನ ಮೊದಮೊದಲ ಸೋವಿಯತ್ ಮಾದರಿಗಳಲ್ಲಿ ಫೈರಿಂಗ್ ಪಿನ್‌ಗೆ ಒಂದು ಸ್ಪ್ರಿಂಗ್ ಇತ್ತು. ಹ್ಯಾಮರ್ ಬಡಿಯದಿದ್ದಾಗ ಅದು ಪಿನ್ನನ್ನು ಹಿಂದಕ್ಕೆ ಹಿಡಿದಿರುತ್ತಿತ್ತು. ಮುಂದೆ ಸ್ಪ್ರಿಂಗ್ ಕೈಬಿಟ್ಟರು. ಆಮೇಲಿನ ರೈಫಲ್‌ಗಳಲ್ಲಿ ಪಿನ್ ಬೋಲ್ಟ್‌ನ ಕೊಳವೆಯಲ್ಲಿ ಯಾವ ಹಿಡಿತವೂ ಇಲ್ಲದೆ ಹಿಂದೆ ಮುಂದೆ ಜಾರಾಡುತ್ತದೆ. ಅಮೆರಿಕದ ಎಂ1 ಗ್ಯಾರಂಡ್, ಎಂ14, ಎಆರ್-15ಗಳದ್ದೂ ಸ್ಪ್ರಿಂಗ್ ಇಲ್ಲದ ಪಿನ್ನೇ. ನಮ್ಮ ಸೈನಿಕರು, ಪೊಲೀಸರು ಬಳಸಿ ಬಲ್ಲ, ಇಶಾಪುರದ ಕಾರ್ಖಾನೆಯ 7.62 ಮಿ.ಮೀ. ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್) ನಲ್ಲಿ ಮಾತ್ರ ಪಿನ್‌ಗೆ ಸ್ಪ್ರಿಂಗ್ ಇದೆ.

ಓಡುತ್ತಿರುವ ಬಸ್ಸಿಗೆ ಚಾಲಕ ಗಕ್ಕನೆ ಬ್ರೇಕ್ ಹಾಕಿದರೆ ನಿಂತಿದ್ದವರು ಮುಂದಕ್ಕೆ ಮುಗ್ಗರಿಸುತ್ತಾರೆ. ಬೋಲ್ಟ್ ಮುಂದೆ ಧಾವಿಸಿ ಚೇಂಬರ್ ಮುಚ್ಚಿ ಒಮ್ಮೆಲೇ ನಿಂತಾಗ ಒಳಗಿನ ಪಿನ್‌ಗೆ ಆಗುವುದೂ ಅದೇ. ಅದು ತನ್ನ ವೇಗದಲ್ಲೇ ಮುಂದೆ ಹೋಗಿ ಕೇಪನ್ನು ಮುಟ್ಟುತ್ತದೆ. ಎಆರ್-15ರಲ್ಲಿ ತೋಟಾ ತುಂಬಿ, ಹಾರಿಸದೆ ಹೊರತೆಗೆದು ನೋಡಿ: ಕೇಪಿನ ಮೇಲೆ ಸೂಜಿಮೊನೆ ತಾಗಿದಂಥ ಸಣ್ಣ ಚುಕ್ಕೆ ಇರುತ್ತದೆ. ಗಾಬರಿ ಬೇಡ, ಅದು ವಿನ್ಯಾಸದಲ್ಲೇ ಲೆಕ್ಕ ಹಾಕಿರುವ ಸ್ಪರ್ಶ. ಆ ಸ್ಪರ್ಶದಲ್ಲಿರುವ ಶಕ್ತಿ ಕೇಪು ಸಿಡಿಯಲು ಬೇಕಾದುದಕ್ಕಿಂತ ಕಡಿಮೆ ಇರುವವರೆಗೆ ಎಲ್ಲವೂ ಕ್ಷೇಮ.

ಆ ಶಕ್ತಿ ಪಿನ್‌ನ ತೂಕಕ್ಕೆ ತಕ್ಕಂತೆ ಏರುತ್ತದೆ. ವೇಗಕ್ಕಾದರೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ಬೋಲ್ಟ್‌ನ ವೇಗ ಇಮ್ಮಡಿಯಾದರೆ ಪಿನ್‌ನ ಪೆಟ್ಟು ನಾಲ್ಕು ಪಟ್ಟು. 1960ರ ದಶಕದ ಆರಂಭದಲ್ಲಿ ಅಮೆರಿಕದ ಸೈನ್ಯ ಎಂ16 ರೈಫಲ್ಲನ್ನು ಕೈಗೆತ್ತಿಕೊಂಡಾಗ ಇದೇ ತೊಂದರೆ ತಲೆದೋರಿ, ಪಿನ್ನನ್ನು ಹಗುರ ಮಾಡಬೇಕಾಯಿತು. ಗ್ಯಾರಂಡ್ ಬಳಸುವವರಿಗೆ ಇಂದಿಗೂ ಹೇಳುವ ಎಚ್ಚರಿಕೆಯೂ ಇದೇ ಲೆಕ್ಕದಿಂದ ಬಂದದ್ದು: ಒಂಟಿ ತೋಟಾವನ್ನು ಕೈಯಿಂದ ನೇರವಾಗಿ ಚೇಂಬರ್‌ಗೆ ಇಳಿಸಿ ಬೋಲ್ಟ್ ಬಿಡಬೇಡಿ. ಮ್ಯಾಗಝಿನ್‌ನಿಂದ ತೋಟಾವನ್ನು ಎಳೆದುಕೊಂಡು ಹೋಗುವಾಗ ಬೋಲ್ಟ್‌ನ ವೇಗ ತುಸು ತಗ್ಗುತ್ತದೆ. ಎಳೆಯಲು ಏನೂ ಇಲ್ಲದಿದ್ದರೆ ಪೂರ್ತಿ ವೇಗದಲ್ಲಿ ಬಂದು ಅಪ್ಪಳಿಸುತ್ತದೆ.

ಎಸ್‌ಕೆಎಸ್‌ನಲ್ಲಿ ಇದರ ಮೇಲೆ ಇನ್ನೊಂದು ಕಾಟವಿದೆ: ಕಾಸ್ಮೊಲಿನ್. ರೈಫಲ್‌ಗಳನ್ನು ವರ್ಷಾನುಗಟ್ಟಲೆ ತುಕ್ಕಿನಿಂದ ಕಾಪಾಡಲು ಸೈನ್ಯದವರು ಅದ್ದಿಡುತ್ತಿದ್ದ ದಪ್ಪ ಗ್ರೀಸ್ ಅದು. ಹೊಸದಾಗಿದ್ದಾಗ ಮೆತ್ತಗೆ, ಕಾಲ ಕಳೆದಂತೆ ಒಣಗಿ ಕಂದುಬಣ್ಣದ ಅಂಟಾಗುತ್ತದೆ. ಕೊಂಡವರು ರೈಫಲ್‌ನ ಮೈಯೆಲ್ಲ ಒರೆಸಿ ಫಳಫಳ ಹೊಳೆಯಿಸುತ್ತಾರೆ, ಬೋಲ್ಟ್‌ನ ಒಳಗಿನ ಕೊಳವೆಯನ್ನು ಮರೆಯುತ್ತಾರೆ. ಆ ಕೊಳವೆಯಿಂದ ಪಿನ್ ಹೊರತೆಗೆದಾಗ ಅದರ ಮೈಗೆ ಹಳೆಯ ಬೆಲ್ಲದ ಪಾಕದ ಬಣ್ಣದ ಪದರ ಅಂಟಿರುತ್ತದೆ. ಉಗುರಿನಿಂದ ಕೆರೆದರೆ ಮೇಣದಂತೆ ಏಳುತ್ತದೆ. ಆ ಅಂಟು ಪಿನ್ನನ್ನು ಮುಂದಕ್ಕೆ ಚಾಚಿದ ಸ್ಥಿತಿಯಲ್ಲೇ ಹಿಡಿದುಬಿಟ್ಟರೆ ಮೊನೆ ಬೋಲ್ಟ್‌ನ ಮುಖದಿಂದ ಹೊರಗೆ ಇಣುಕಿಕೊಂಡು ನಿಲ್ಲುತ್ತದೆ. ಇನ್ನು ಹ್ಯಾಮರ್ ಏಕೆ, ಟ್ರಿಗರ್ ಏಕೆ? ಬೋಲ್ಟ್ ಮುಚ್ಚಿದಾಗಲೆಲ್ಲ ಗುಂಡು ಹಾರುತ್ತದೆ. ಹಾರಿದ ಗುಂಡು ಬೋಲ್ಟನ್ನು ಹಿಂದಕ್ಕೆ ಕಳಿಸುತ್ತದೆ, ಬೋಲ್ಟ್ ಮತ್ತೆ ಬಂದು ಮುಚ್ಚುತ್ತದೆ. ಹತ್ತೂ ತೋಟಾ ಮುಗಿದಾಗಲೇ ನಿಲುಗಡೆ.

ಇಂಗ್ಲಿಷಿನಲ್ಲಿ ಸ್ಲ್ಯಾಮ್ ಫೈರ್ ಎನ್ನುವುದು ಇದನ್ನೇ. ಇದರ ಗುರುತು ಸ್ಪಷ್ಟ. ಟ್ರಿಗರ್ ಮುಟ್ಟುವ ಮೊದಲೇ, ಬೋಲ್ಟ್ ಬಿಟ್ಟ ಕೂಡಲೇ ಮೊದಲ ಗುಂಡು ಹಾರಿದರೆ, ಅಥವಾ ಒಮ್ಮೆ ಶುರುವಾದದ್ದು ಬೆರಳು ತೆಗೆದರೂ ನಿಲ್ಲದೆ ಮ್ಯಾಗಝಿನ್ ಖಾಲಿಯಾಗುವವರೆಗೆ ಓಡಿದರೆ, ಮೊದಲ ಶಂಕೆ ಪಿನ್ ಮೇಲೆಯೇ ಬೀಳಬೇಕು. ಮೊದಲ ತೋಟಾ ತುಂಬುವಾಗಲೂ ನಳಿಗೆ ದಿಬ್ಬದ ಕಡೆಗೇ ಇರಬೇಕು ಎಂದು ಹಿರಿಯರು ಗದರಿಸಿ ಹೇಳುವುದು ಇದಕ್ಕಾಗಿ.

ಪರೀಕ್ಷೆ ಸುಲಭ. ಖಾಲಿ ರೈಫಲ್‌ನಿಂದ ಬೋಲ್ಟ್ ಬಿಚ್ಚಿ ಕೈಯಲ್ಲಿ ಹಿಡಿದು ಉದ್ದುದ್ದಕ್ಕೆ ಅಲುಗಾಡಿಸಿ. ಪಿನ್ ಒಳಗೆ ಓಡಾಡುವ ಟಕ್ ಟಕ್ ಸದ್ದು ಸ್ಪಷ್ಟವಾಗಿ ಕೇಳಬೇಕು. ಹಿಂಬದಿಯನ್ನು ಬೆರಳಿನಿಂದ ಒತ್ತಿದರೆ ಮೊನೆ ಮುಂದೆ ಬರಬೇಕು. ಬೆರಳು ತೆಗೆದು ಬೋಲ್ಟನ್ನು ಮೇಲ್ಮುಖ ಮಾಡಿದರೆ ತನ್ನ ಭಾರಕ್ಕೇ ಒಳಗೆ ಬೀಳಬೇಕು. ಸದ್ದಿಲ್ಲ ಅಥವಾ ಮಂದವಾಗಿದೆ ಎಂದರೆ ಆ ರೈಫಲ್‌ಗೆ ತೋಟಾ ಹಾಕುವ ಮಾತೇ ಇಲ್ಲ. ಪಿನ್ ಹಿಡಿದಿರುವ ಅಡ್ಡ ಮೊಳೆಯನ್ನು ತೆಗೆದು, ಪಿನ್ನನ್ನೂ ಕೊಳವೆಯನ್ನೂ ಸೀಮೆಎಣ್ಣೆ ಅಥವಾ ಮಿನರಲ್ ಸ್ಪಿರಿಟ್‌ನಲ್ಲಿ ನೆನೆಸಿ, ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ತಿಕ್ಕಬೇಕು. ಆಮೇಲೆ ಒಣಗಿಸಿ ಹಾಗೆಯೇ ಬಿಡಬೇಕು. ಕೊಳವೆಗೆ ಎಣ್ಣೆ ಹಾಕುವುದು ಒಳ್ಳೆಯದೆಂದು ತೋರುತ್ತದೆ, ಆದರೆ ಅಲ್ಲ: ಎಣ್ಣೆ ಮಸಿ ಹಿಡಿಯುತ್ತದೆ, ಚಳಿಯಲ್ಲಿ ಗಟ್ಟಿಯಾಗುತ್ತದೆ. ಪಿನ್ನನ್ನು ಮರಳಿ ಕೂರಿಸುವಾಗ ಅದು ಬಂದ ದಿಕ್ಕಿನಲ್ಲೇ ಕೂರಬೇಕು. ಮಗುಚಿ ಹಾಕಿದರೆ ಮೊನೆ ಹೊರಗೇ ನಿಂತುಬಿಡುವ ಅಪಾಯವಿದೆ. ತೆಗೆಯುವ ಮುನ್ನ ಮೊಬೈಲ್‌ನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಗೊಂದಲವಿಲ್ಲ.

ಇದೇ ಪರೀಕ್ಷೆಯಲ್ಲಿ ಪಿನ್‌ನ ಮೊನೆಯನ್ನೂ ನೋಡಬೇಕು. ಮೊನೆ ಮುರಿದು ಚೂರು ಮುಂದಿನ ರಂಧ್ರದಲ್ಲಿ ಸಿಕ್ಕಿಕೊಂಡಿದ್ದರೂ ಫಲ ಅದೇ. ಅಗ್ಗದ ಹಳೆಯ ಸೈನಿಕ ತೋಟಾಗಳಿಂದ ಇನ್ನೊಂದು ತೊಂದರೆ. ಅವುಗಳ ಕೇಪು ಸುಟ್ಟಾಗ ಉಳಿಯುವ ಉಪ್ಪು ಗಾಳಿಯ ತೇವವನ್ನು ಹೀರಿ ತುಕ್ಕು ಹಿಡಿಸುತ್ತದೆ, ಪಿನ್‌ನ ಕೊಳವೆಯನ್ನೂ ಬಿಡುವುದಿಲ್ಲ. ಅಂಥ ತೋಟಾ ಹಾರಿಸಿದ ದಿನವೇ ಬೋಲ್ಟನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸುವುದು ಕಡ್ಡಾಯ. ಎಣ್ಣೆಯಿಂದ ಉಪ್ಪು ಹೋಗುವುದಿಲ್ಲ. ಹಳೆಯ ಎಸ್‌ಕೆಎಸ್‌ಗೆ ಸ್ಪ್ರಿಂಗ್ ಇರುವ ಪಿನ್ ಕೂಡ ಅಮೆರಿಕದಲ್ಲಿ ಸಿಗುತ್ತದೆ. ಇಂಥ ರೈಫಲ್ ಇಟ್ಟುಕೊಂಡವರು ಮೊದಲು ಹಣ ಹಾಕಬೇಕಾದದ್ದು ದೂರದರ್ಶಕಕ್ಕಲ್ಲ, ಇದಕ್ಕೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ರೈಫಲ್ ಸರಿಯಿದ್ದು ತೋಟಾ ಕೆಟ್ಟಿದ್ದರೆ

ಪಿನ್ ಶುಚಿಯಾಗಿದ್ದೂ ಸ್ಲ್ಯಾಮ್ ಫೈರ್ ಆಗಬಹುದು. ಅಮೆರಿಕದಲ್ಲಿ ಖಾಲಿ ಕೋಶಕ್ಕೆ ಮನೆಯಲ್ಲೇ ಹೊಸ ಕೇಪು, ಮದ್ದು, ಗುಂಡು ತುಂಬಿಸಿಕೊಳ್ಳುವವರು ಬಹಳ. ಅವರು ಕೂರಿಸಿದ ಕೇಪು ಕೋಶದ ತಳಕ್ಕಿಂತ ಕೂದಲೆಳೆಯಷ್ಟು ಮೇಲೆ ಉಳಿದರೂ ಮುಚ್ಚಿಕೊಳ್ಳುವ ಬೋಲ್ಟ್‌ನ ಮುಖವೇ ಅದಕ್ಕೆ ಬಡಿಯುತ್ತದೆ. ಕೇಪು ತಳದ ಮಟ್ಟಕ್ಕಿಂತ ತುಸು ಕೆಳಗಿರಬೇಕು. ಕಣ್ಣಿಗೆ ಗೊತ್ತಾಗದ್ದು ಬೆರಳಿಗೆ ಗೊತ್ತಾಗುತ್ತದೆ: ತರ್ಜನಿಯ ತುದಿಯನ್ನು ಕೋಶದ ತಳದ ಮೇಲೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಿಧಾನವಾಗಿ ಎಳೆದರೆ, ನಡುವೆ ಉಬ್ಬು ತಾಕಬಾರದು, ಸಣ್ಣ ತಗ್ಗು ತಾಕಬೇಕು. ಪ್ರತಿ ತೋಟಾಕ್ಕೂ ಇದನ್ನು ಮಾಡಬೇಕು.

ಕೇಪಿನ ಲೋಹದ ಗಡಸುತನವೂ ಮುಖ್ಯ. ಸೈನ್ಯದ ತೋಟಾಗಳಲ್ಲಿ ಸುಲಭಕ್ಕೆ ಕುಸಿಯದ ಕೇಪು ಬಳಸುತ್ತಾರೆ. ಜಾರಾಡುವ ಪಿನ್‌ನ ರೈಫಲ್‌ಗಳೆಲ್ಲ ಆ ಕೇಪನ್ನು ನಂಬಿಯೇ ರಚನೆಯಾದವು. ಬೇಟೆಯ ರೈಫಲ್‌ಗೆಂದು ಮಾಡಿದ ಮೆದುವಾದ ಕೇಪನ್ನು ಅವುಗಳಲ್ಲಿ ಬಳಸಿದರೆ ಆ ನಂಬಿಕೆ ಕುಸಿಯುತ್ತದೆ. ಮನೆಯಲ್ಲಿ ತೋಟಾ ತುಂಬುವವರಿಗೆಂದು ಸಿಸಿಐ ಕಂಪನಿ ಸೈನಿಕ ಗುಣಮಟ್ಟದ 34 ಮತ್ತು 41ನೇ ಸಂಖ್ಯೆಯ ಕೇಪುಗಳನ್ನು ಬೇರೆಯಾಗಿಯೇ ಮಾರುತ್ತದೆ.

ಕೋಶದ ಅಳತೆಯ ತಪ್ಪು ಇದಕ್ಕಿಂತ ಭಯಾನಕ. ಹಾರಿಸಿದ ಕೋಶ ಹಿಗ್ಗಿರುತ್ತದೆ. ಮರಳಿ ಸರಿಯಾದ ಗಾತ್ರಕ್ಕೆ ಒತ್ತದಿದ್ದರೆ ಚೇಂಬರ್‌ನಲ್ಲಿ ಪೂರ್ತಿ ಕೂರುವುದಿಲ್ಲ. ಬೋಲ್ಟ್ ಬೀಗ ಬೀಳುವ ಮೊದಲೇ ತಡೆದು ನಿಲ್ಲುತ್ತದೆ, ಆ ಗಳಿಗೆಯಲ್ಲಿ ಪಿನ್ ಮುಂದೆ ಜಿಗಿಯುತ್ತದೆ. 7.62×39 ತೋಟಾಕ್ಕೆ ಯುರೋಪಿನ ಮಾನದಂಡ ಒಪ್ಪಿದ ಗರಿಷ್ಠ ಒತ್ತಡ 355 ಮೆಗಾಪ್ಯಾಸ್ಕಲ್, ಅಂದರೆ ನಮ್ಮ ಸುತ್ತಲ ಗಾಳಿಯ ಒತ್ತಡದ ಸುಮಾರು 3500 ಪಟ್ಟು. ಬೀಗ ಬಿದ್ದ ಬೋಲ್ಟ್ ಮತ್ತು ಚೇಂಬರ್‌ನ ಉಕ್ಕಿನ ಗೋಡೆ ಇದನ್ನು ತಡೆದುಕೊಳ್ಳುತ್ತವೆ. ಬೀಗ ಬೀಳದಿದ್ದರೆ ಆಧಾರವಿಲ್ಲದ ತೆಳು ಕೋಶ ಒಡೆದು, ಆ ಒತ್ತಡವೆಲ್ಲ ಹಿಡಿದವರ ಮುಖದ ಕಡೆ, ಕೈಯ ಕಡೆ ನುಗ್ಗುತ್ತದೆ. ಕಣ್ಣಿಗೆ ಗಟ್ಟಿ ಕನ್ನಡಕ ಹಾಕದೆ ಯಾವ ರೈಫಲ್ಲನ್ನೂ ಹಾರಿಸಬಾರದು ಎಂಬ ಕಟ್ಟಳೆ ಸುಮ್ಮನೆ ಬಂದದ್ದಲ್ಲ.

ಹ್ಯಾಮರ್ ನಿಲ್ಲದಿದ್ದಾಗ

ಈಗ ಇನ್ನೊಂದು ಕವಲು. ಟ್ರಿಗರ್ ಎಳೆದಾಗ ಎರಡು ಗುಂಡು, ಕೆಲವೊಮ್ಮೆ ಮೂರು, ಆಮೇಲೆ ನಿಲುಗಡೆ. ತೋಟಾ ತುಂಬುವಾಗ ಮಾತ್ರ ಏನೂ ಆಗುವುದಿಲ್ಲ. ಇಂಥಲ್ಲಿ ಶಂಕೆ ಟ್ರಿಗರ್, ಸಿಯರ್, ಹ್ಯಾಮರ್‌ಗಳೆಲ್ಲ ಸೇರಿದ ಟ್ರಿಗರ್ ಗುಂಪಿನ ಮೇಲೆ. ಸಿಯರ್‌ನ ಅಂಚು ಸವೆದಿರಬಹುದು, ಸ್ಪ್ರಿಂಗ್ ಬಲಗುಂದಿರಬಹುದು, ಕೊಳೆ ತುಂಬಿ ಭಾಗಗಳು ತಮ್ಮ ಜಾಗಕ್ಕೆ ಮರಳದಿರಬಹುದು. ಹ್ಯಾಮರ್ ಕೊಕ್ಕೆಗೆ ಸಿಗದೆ ಬೋಲ್ಟ್‌ನ ಬೆನ್ನ ಹಿಂದೆಯೇ ಸಾಗಿ ಬರುತ್ತದೆ. ಹೀಗೆ ಬಂದಾಗ ಪೆಟ್ಟು ಸೊರಗಿರುವುದರಿಂದ ಎಷ್ಟೋ ಸಲ ಗುಂಡು ಹಾರುವುದೇ ಇಲ್ಲ. ಟ್ರಿಗರ್ ಎಳೆದರೆ ಸಪ್ಪಗೆ, ಬೋಲ್ಟ್ ತೆರೆದು ನೋಡಿದರೆ ಕೇಪಿನ ಮೇಲೆ ಅರ್ಧಂಬರ್ಧ ಗುಳಿ. ಜನ ಅದನ್ನು ಕೆಟ್ಟ ತೋಟಾ ಎಂದು ಬಿಸಾಡಿ ಮುಂದುವರಿಯುತ್ತಾರೆ. ಅದು ರೈಫಲ್ ಕೊಟ್ಟ ಮೊದಲ ಎಚ್ಚರಿಕೆ. ಹಾರದೆ ಉಳಿದ ತೋಟಾದ ಜೊತೆಗೆ ಹ್ಯಾಮರ್ ಕೂಡ ಇಳಿದೇ ಇದ್ದರೆ ಅಂದಿಗೆ ಅಲ್ಲಿಗೇ ನಿಲ್ಲಿಸಬೇಕು.

ಖಾಲಿ ರೈಫಲ್‌ನಲ್ಲಿ ಮಾಡುವ ಕ್ರಮಬದ್ಧ ಪರೀಕ್ಷೆಯೊಂದಿದೆ. ಕೋಣೆಯಲ್ಲಿ ಒಂದೂ ತೋಟಾ ಇರಬಾರದು. ಬೋಲ್ಟ್ ಎಳೆದು ಬಿಟ್ಟು, ಟ್ರಿಗರ್ ಎಳೆದು, ಬೆರಳನ್ನು ಹಾಗೆಯೇ ಒತ್ತಿ ಹಿಡಿಯಬೇಕು. ಹ್ಯಾಮರ್ ಬಿದ್ದ ಸದ್ದು ಕೇಳಿಸುತ್ತದೆ. ಬೆರಳು ತೆಗೆಯದೆಯೇ ಬೋಲ್ಟನ್ನು ಇನ್ನೊಮ್ಮೆ ಪೂರ್ತಿ ಎಳೆದು ಬಿಡಬೇಕು. ಈಗ ಹ್ಯಾಮರ್ ಬೀಳಬಾರದು. ನಂತರ ಬೆರಳನ್ನು ಮೆಲ್ಲಗೆ ಸಡಿಲಿಸಿದರೆ ಕ್ಲಿಕ್ ಎಂಬ ಸಣ್ಣ ಸದ್ದು. ಮತ್ತೆ ಎಳೆದರೆ ಹ್ಯಾಮರ್ ಬೀಳಬೇಕು. ನಡುವೆ ಎಲ್ಲಿ ತಪ್ಪಿದರೂ ರೈಫಲ್ ಅನುತ್ತೀರ್ಣ. ಆದರೆ ತೇರ್ಗಡೆಯಾದ ಮಾತ್ರಕ್ಕೆ ದೋಷವಿಲ್ಲ ಎಂದಲ್ಲ. ಕೈಯಿಂದ ಎಳೆದಾಗ ಸುಮ್ಮನಿರುವ ಸವೆದ ಅಂಚು ಗುಂಡಿನ ಅದುರಿಗೆ ಜಾರಬಹುದು.

ಟ್ರಿಗರ್ ಗುಂಪನ್ನು ಬಿಚ್ಚಿ ಕೊಳೆ ತೊಳೆಯುವುದರಾಚೆಗೆ ಮನೆಯಲ್ಲಿ ಏನೂ ಮಾಡಬಾರದು. ಟ್ರಿಗರ್ ಹಗುರವಾಗಲೆಂದು ಅರ ಹಿಡಿದು ಸಿಯರ್ ಉಜ್ಜಿದವರಿಂದಲೇ ಈ ಕಾಯಿಲೆ ಹೆಚ್ಚಾಗಿ ಬಂದಿರುವುದು. ಆ ಅಂಚುಗಳ ಗಡಸು ಪದರ ತೆಳು. ಉಜ್ಜಿ ಅದು ಹೋದರೆ ಕೆಳಗಿನ ಮೆದು ಉಕ್ಕು ಬೇಗನೆ ಸವೆಯುತ್ತದೆ. ಅಂದು ಸರಿಯಾಗಿದ್ದದ್ದು ಮುಂದೊಂದು ದಿನ ಜಾರುತ್ತದೆ. ಹಳೆಯ ರೈಫಲ್ ಕೊಂಡಾಗ ಹಿಂದಿನ ಒಡೆಯ ಏನು ಮಾಡಿದ್ದನೋ ತಿಳಿಯುವುದಿಲ್ಲ, ಆದ್ದರಿಂದ ಅಲ್ಲಿ ಹೊಳೆಯುವ ಹೊಸ ಉಜ್ಜಿನ ಗುರುತು ಕಂಡರೆ ಸಂಶಯಪಡಿ. ಸವೆದ ಭಾಗಕ್ಕೆ ಮದ್ದು ಹೊಸ ಭಾಗ, ಕೂರಿಸಬೇಕಾದವರು ಪರವಾನಗಿ ಪಡೆದ ಬಂದೂಕು ಕಸುಬಿನವರು.

ಇನ್ನು ಬೆರಳಿನ ವಿಷಯ. ಟ್ರಿಗರ್ ತೀರ ಹಗುರವಾಗಿದ್ದು ಭುಜಕ್ಕೆ ರೈಫಲ್ ಭದ್ರವಾಗಿ ಒತ್ತಿರದಿದ್ದರೆ, ಒದೆತಕ್ಕೆ ಹಿಂದೆ ಹೋಗಿ ಮುಂದೆ ಬರುವ ರೈಫಲ್ ಬೆರಳಿಗೆ ಮತ್ತೆ ತಾಗಿ ಎರಡನೆಯ ಗುಂಡು ಹಾರಬಹುದು. ಯಂತ್ರದಲ್ಲಿ ದೋಷವಿಲ್ಲ, ಎಳೆದವರಿಗೆ ಎಳೆದದ್ದೇ ತಿಳಿಯುವುದಿಲ್ಲ. ಹೊಸಬರಿಗೆ ಇದು ಆಗುತ್ತದೆ. ಆದರೂ "ನಿನ್ನ ಬೆರಳೇ ಸರಿಯಿಲ್ಲ" ಎಂಬ ತೀರ್ಪನ್ನು ಎಲ್ಲಕ್ಕಿಂತ ಕೊನೆಗೆ, ರೈಫಲ್ಲನ್ನು ಬಿಚ್ಚಿ ನೋಡಿದ ಮೇಲೆ ಕೊಡಬೇಕು. ಮೊದಲೇ ಕೊಟ್ಟುಬಿಟ್ಟರೆ ದೋಷವುಳ್ಳ ರೈಫಲ್ ಇನ್ನೊಬ್ಬರ ಕೈ ಸೇರುತ್ತದೆ.

ನಾಲ್ಕನೆಯದು ಕಾವು. ಒಂದೇ ಸಮನೆ ಹಾರಿಸಿ ಕಾದ ಚೇಂಬರ್‌ನಲ್ಲಿ ತೋಟಾ ಉಳಿದರೆ ಮದ್ದು ತಾನಾಗಿ ಹೊತ್ತಿಕೊಳ್ಳಬಹುದು. ತೋಟಾ ಒಳಗೆ ಹೋಗಿ ಸ್ವಲ್ಪ ಹೊತ್ತು ಕಳೆದ ಮೇಲೆ ಹಾರುವುದು ಇದರ ಲಕ್ಷಣ. ಹವ್ಯಾಸಕ್ಕೆ ಸಾವಕಾಶವಾಗಿ ಹಾರಿಸುವವರಿಗೆ ಇದು ಎದುರಾಗುವುದು ಅಪರೂಪ.

ಕೋಶಗಳು ಹೇಳುವ ಸಾಕ್ಷ್ಯ

ಆರಿಸಿಟ್ಟ ಕೋಶಗಳನ್ನು ಮೇಜಿನ ಮೇಲೆ ಸಾಲಾಗಿ, ತಳ ಮೇಲಾಗಿ ನಿಲ್ಲಿಸಿ ಓರೆಬೆಳಕಿನಲ್ಲಿ ನೋಡಬೇಕು. ಹ್ಯಾಮರ್ ಪೂರ್ತಿ ಬಲದಿಂದ ಬಡಿದ ಕೇಪಿನಲ್ಲಿ ಗುಳಿ ಆಳ, ದುಂಡು. ಪಿನ್‌ನ ಜಾರುವಿಕೆಯಿಂದ ಸಿಡಿದದ್ದರಲ್ಲಿ ಸಾಮಾನ್ಯವಾಗಿ ಅಷ್ಟು ಆಳವಿರುವುದಿಲ್ಲ. ಸಾಲಿನಲ್ಲಿ ಮೊದಲನೆಯದು ಆಳ, ಉಳಿದವು ತೆಳು ಎಂದು ಕಂಡರೆ ದಾರಿ ತೋರಿದಂತಾಯಿತು. ಆದರೆ ಒಳಗಿನ ಒತ್ತಡ ಗುಳಿಯ ಆಕಾರವನ್ನು ಬದಲಿಸುವುದುಂಟು, ಆದ್ದರಿಂದ ಇದೊಂದನ್ನೇ ನೆಚ್ಚಬಾರದು. ಕೋಶದ ತಳದ ಬಳಿ ಹೊಟ್ಟೆ ಉಬ್ಬಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬೋಲ್ಟ್ ಬೀಗ ಬೀಳುವ ಮುನ್ನವೇ ಹಾರಿದೆ ಎಂಬ ಗಂಭೀರ ಶಂಕೆ. ಅಂಥ ರೈಫಲ್‌ನ ಬೋಲ್ಟ್, ಚೇಂಬರ್ ಎರಡನ್ನೂ ಅಳೆಯಿಸದೆ ಮುಟ್ಟಬಾರದು.

ಕಾನೂನಿನ ಮಾತು

ಅಮೆರಿಕದ 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯ ಪ್ರಕಾರ, ಟ್ರಿಗರ್‌ನ ಒಂದೇ ಕ್ರಿಯೆಗೆ ಒಂದಕ್ಕಿಂತ ಹೆಚ್ಚು ಗುಂಡು ತಾನಾಗಿ ಹಾರಿಸುವ ಬಂದೂಕು ಮೆಷಿನ್ ಗನ್. ನೋಂದಣಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ. ಎಆರ್-15 ಒಂದರ ಸುತ್ತ ನಡೆದ ಸ್ಟೇಪಲ್ಸ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1994ರಲ್ಲಿ ಒಂದು ಮಹತ್ವದ ಮಾತು ಹೇಳಿತು: ಬಂದೂಕಿಗೆ ಈ ಗುಣವಿದೆ ಎಂಬುದು ಆರೋಪಿಗೆ ತಿಳಿದಿತ್ತು ಎಂದು ಸರ್ಕಾರ ಸಾಬೀತುಪಡಿಸಬೇಕು. ಅದರ ಇನ್ನೊಂದು ಮಗ್ಗುಲನ್ನು ಅಲ್ಲಿರುವ ನಮ್ಮವರು ಗಮನಿಸಬೇಕು. ರೈಫಲ್ ಹೀಗೆ ಹಾರುತ್ತದೆ ಎಂದು ತಿಳಿದ ಮೇಲೂ ಹಾರಿಸುತ್ತಾ ಹೋದರೆ, ತಿಳಿದಿರಲಿಲ್ಲ ಎಂಬ ಆಸರೆ ಉಳಿಯುವುದಿಲ್ಲ. ಮಜವಾಗಿದೆ ಎಂದು ಗೆಳೆಯರ ಮುಂದೆ ತೋರಿಸುವುದು, ವಿಡಿಯೊ ಮಾಡುವುದು ಜೀವಕ್ಕೂ ಕೇಡು, ನ್ಯಾಯಾಲಯದಲ್ಲೂ ಕೇಡು. ರಿಪೇರಿಗೆ ಕೊಟ್ಟು, ಕೊಟ್ಟ ಚೀಟಿಯನ್ನು ಜೋಪಾನವಾಗಿಡಿ.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಬಿಗಿಯಿಂದಾಗಿ ಅರೆ ಸ್ವಯಂಚಾಲಿತ ರೈಫಲ್ ಸಾಮಾನ್ಯರ ಕೈಗೆ ಸುಲಭಕ್ಕೆ ಸಿಗುವುದಿಲ್ಲ. ಪರವಾನಗಿಯ ವಿನಾಯಿತಿ ಇರುವ ಕೊಡಗಿನ ಮನೆಗಳಲ್ಲೂ, ಮಲೆನಾಡಿನ ತೋಟದ ಮನೆಗಳಲ್ಲೂ ಕಾಣುವುದು ಹೆಚ್ಚಾಗಿ ಒಂಟಿ ನಳಿಗೆ, ಜೋಡಿ ನಳಿಗೆಯ ಕೋವಿಗಳು. ಅವುಗಳಲ್ಲಿ ತಾನಾಗಿ ತೋಟಾ ತುಂಬುವ ಯಂತ್ರವೇ ಇಲ್ಲ, ಆದ್ದರಿಂದ ಸ್ಲ್ಯಾಮ್ ಫೈರ್ ಓಟವೂ ಇಲ್ಲ. ಆದರೆ ಸವೆದ ಸಿಯರ್‌ಗೆ ದೇಶಭೇದವಿಲ್ಲ: ಜೋಡಿ ನಳಿಗೆಯ ಕೋವಿಯಲ್ಲಿ ಒಂದು ಹಾರಿದ ಅದುರಿಗೆ ಇನ್ನೊಂದು ನಳಿಗೆಯೂ ಹಾರುವುದು ಇದೇ ಸವೆತದಿಂದ. ಅಂಥ ಕೋವಿ ಮನೆಯಲ್ಲಿದ್ದರೆ ಅದೂ ಪರವಾನಗಿಯುಳ್ಳ ರಿಪೇರಿಯವರಲ್ಲಿಗೆ ಹೋಗಬೇಕು.

ರಿಪೇರಿಯಾಗಿ ಬಂದ ಮೇಲೆ

ಮೊದಲ ದಿನ ಮ್ಯಾಗಝಿನ್ ತುಂಬಬೇಡಿ. ಮ್ಯಾಗಝಿನ್‌ಗೆ ಒಂದೇ ಒಂದು ತೋಟಾ ಹಾಕಿ, ಬೆರಳು ಟ್ರಿಗರ್‌ನಿಂದ ದೂರವಿಟ್ಟು, ನಳಿಗೆ ದಿಬ್ಬಕ್ಕೆ ಎದುರಾಗಿಟ್ಟು ಬೋಲ್ಟ್ ಬಿಡಿ. ಸುಮ್ಮನಿದ್ದರೆ ಹಾರಿಸಿ, ಕೋಶ ನೋಡಿ. ಹೀಗೆ ಒಂದೊಂದಾಗಿ ಹಲವು ಸಲ ಆದ ಮೇಲೆ ಎರಡು ತೋಟಾ ಹಾಕಿ. ಆಗ ದೋಷ ಕಾಣಿಸಿಕೊಂಡರೂ ತಾನಾಗಿ ಹಾರುವುದು ಹೆಚ್ಚೆಂದರೆ ಎರಡು, ಹತ್ತಲ್ಲ. ಕಾರ್ಖಾನೆಯಲ್ಲಿ ತಯಾರಾದ ತೋಟಾಗಳನ್ನೇ ಬಳಸಿ. ಮನೆಯಲ್ಲಿ ತುಂಬಿದವುಗಳ ಸರದಿ ಆಮೇಲೆ. ಪಕ್ಕದಲ್ಲಿ ತಿಳಿದವರೊಬ್ಬರು ನಿಂತು ನಿಮ್ಮ ಬೆರಳನ್ನೇ ಗಮನಿಸುತ್ತಿದ್ದರೆ, ಮತ್ತೆ ಎರಡು ಹಾರಿದರೂ ಬೆರಳಿನ ತಪ್ಪೋ ಯಂತ್ರದ ತಪ್ಪೋ ಎಂಬುದನ್ನು ಆಗಲೇ ಹೇಳಬಹುದು.